ದೀಪಾವಳಿಗೆ ಏನು ಕೊಡೋಣ: ಸೋಲಾಪುರದ ಚಾದರವೋ, ಶೇಂಗಾ ಹಿಂಡಿಯೋ?

ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ದೀಪಾವಳಿ ಹತ್ತಿರ ಬಂದರೆ ಇದೇ ಚರ್ಚೆ: ಹೊದೆಯುವ ಚಾದರವೋ, ಹಿಂಡಿ ಅಂದರೆ ಶೇಂಗಾ ಚಟ್ನಿಪುಡಿಯೋ. ಕೊಡಬೇಕಾದ ಮನೆ ಹತ್ತು, ಜೇಬು ಒಂದೇ.

ಚಾದರ ಬಹಳ ವರ್ಷ ಬಾಳುತ್ತದೆ. ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಸರಕು ಎಂಬ ಸರ್ಕಾರಿ ಗುರುತು ಕೂಡ ಇದೆ. ಕೊಳ್ಳುವಾಗ ಸುಮ್ನೆ ಮಡಿಕೆ ನೋಡಿ ತರಬೇಡಿ, ಬಿಡಿಸಿ ತಿರುವಿ ನೋಡಿ. ನೇಯ್ಗೆಯಲ್ಲೇ ಚಿತ್ತಾರ ಮೂಡಿಸುವ ಜಕಾರ್ಡ್ ಮಗ್ಗದಲ್ಲಿ ನೇಯ್ದದ್ದಾದರೆ ಹೂವು ಹಿಂದೆಯೂ ಸ್ಪಷ್ಟವಾಗಿ ಕಾಣುತ್ತದೆ, ಬಣ್ಣ ಮಾತ್ರ ಅದಲುಬದಲು. ಅಚ್ಚು ಹಾಕಿದ್ದಾದರೆ ಹಿಂಬದಿ ಮಾಸಲು. ಮೊದಲ ಸಲ ಬೇರೆಯಾಗಿ ತೊಳೆಯಲು ಹೇಳಿ ಕೊಡಿ. ನಾನು ಹೇಳಲು ಮರೆತು ಭಾವನ ಬಿಳಿ ಧೋತರ ಗುಲಾಬಿ ಆಗಿತ್ತು! ಆದರೆ ಹತ್ತು ಮನೆಗೂ ಚಾದರ ಅಂದರೆ ಖರ್ಚು ಜಾಸ್ತಿ. ಬಸ್ಸಿನಲ್ಲಿ ಹೊರುವುದೂ ಕಷ್ಟ.

ಹಿಂಡಿಗೆ ಬೇಕಾದದ್ದು ಶೇಂಗಾ, ಬೆಳ್ಳುಳ್ಳಿ, ಜೀರಿಗೆ, ಖಾರದ ಪುಡಿ, ಉಪ್ಪು. ಹುರಿದ ಶೇಂಗಾ ಒರಳಿನಲ್ಲಿ ಕುಟ್ಟುತ್ತಾ ಹೋದರೆ ಎಣ್ಣೆ ಬಿಟ್ಟು ಬೆರಳಿಗೆ ಅಂಟುತ್ತದೆ. ಮಿಕ್ಸಿಯ ಪುಡಿಗೆ ಆ ರುಚಿ ಎಲ್ಲಿಂದ ಬರಬೇಕು? ಒಂದು ಕಿಲೋ ಶೇಂಗಾದಲ್ಲಿ ನಾಲ್ಕು ಮನೆಯ ಡಬ್ಬಿ ತುಂಬುತ್ತದೆ. ಜೊತೆಗೆ ಖಡಕ್ ರೊಟ್ಟಿ ಕಟ್ಟಿಕೊಟ್ಟರೆ ಪುಣೆಯ ಹಾಸ್ಟೆಲ್ ಹುಡುಗರು ಕುಣಿಯುತ್ತಾರೆ. ಶೇಂಗಾ ಆಗದವರೂ ಇರುತ್ತಾರೆ, ಕೇಳಿಕೊಂಡೇ ಕೊಡಿ.

ಬೇಕರಿ ಸ್ವೀಟ್ ಬಾಕ್ಸ್? ಅದು ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತದೆ, ಅಲ್ವಾ?

ಈ ಸಲ ನಾನು ಅಜ್ಜಿಗೆ ಮತ್ತು ಹೊಸದಾಗಿ ಮದುವೆಯಾದ ತಂಗಿಗೆ ಚಾದರ ತರುತ್ತೇನೆ. ಉಳಿದ ಎಂಟು ಮನೆಗೆ ಹಿಂಡಿ. ಒರಳು ಆಗಲೇ ತೊಳೆದಿಟ್ಟಿದ್ದೇನೆ.