ಆನ್‌ಲೈನ್ ಸೆಂಟರ್‌ಗೆ ಯಾವ ಎಕ್ಸ್‌ಟೆನ್ಶನ್ ಬೇಕು, ಯಾವುದು ಬೇಡ: ನಾನು ಹಾಕಿ ನೋಡಿದ ಲೆಕ್ಕ

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಹಾಲ್ ಟಿಕೆಟ್, ಸ್ಕಾಲರ್‌ಶಿಪ್ ಅರ್ಜಿ, ಹಳೇ ಪ್ರಶ್ನೆಪತ್ರಿಕೆ ಪ್ರಿಂಟ್, ದಿನವಿಡೀ ಇದೇ ಕೆಲಸ. ಇರುವುದು ಎರಡು ಕಂಪ್ಯೂಟರ್. ಹೊಸದರಲ್ಲಿ ಕ್ರೋಮ್, 4 ಜಿಬಿ ರ‍್ಯಾಮಿನ ಹಳೇದರಲ್ಲಿ ಫೈರ್‌ಫಾಕ್ಸ್. ಎರಡರಲ್ಲೂ ಏನೇನೋ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ, ಹಾಕಿ, ತೆಗೆದು ನೋಡಿದ್ದೇನೆ. ಒಂದೇ ಒಂದು ಹಾಕುವುದಾದರೆ ಜಾಹೀರಾತು ತಡೆಯುವುದನ್ನು ಹಾಕಿ. ಮಿಕ್ಕಿದ್ದರಲ್ಲಿ ಜಾಸ್ತಿ ಪಾಲು ಬ್ರೌಸರ್ ಒಳಗೋ ವಿಂಡೋಸ್ ಒಳಗೋ ಆಗಲೇ ಇದೆ, ನಾವು ಹುಡುಕಿರುವುದಿಲ್ಲ ಅಷ್ಟೇ.

ಜಾಹೀರಾತು ತಡೆಯುವುದು ನನಗೆ ಶೋಕಿಗಲ್ಲ. ಪ್ರಶ್ನೆಪತ್ರಿಕೆ ಕೊಡುವ ಪುಟ ತೆಗೆದರೆ ಮೂರು ಹಸಿರು ಡೌನ್‌ಲೋಡ್ ಬಟನ್ ಕಾಣುತ್ತವೆ. ನಿಜವಾದದ್ದು ಆ ಮೂರೂ ಅಲ್ಲ, ಕೆಳಗೆ ಸಣ್ಣಕ್ಷರದಲ್ಲಿರುವ ಲಿಂಕು. ಪಿಯುಸಿ ಹುಡುಗ ದೊಡ್ಡ ಬಟನ್ನೇ ಒತ್ತುತ್ತಾನೆ, ಇನ್ನೊಂದು ಪುಟ ತೆರೆಯುತ್ತದೆ, ಅದು ‘ಅಲೋ ಒತ್ತಿ’ ಅನ್ನುತ್ತದೆ, ಇವನು ಅದನ್ನೂ ಒತ್ತುತ್ತಾನೆ, ಅಲ್ಲಿಂದ ಮೂಲೆಯಲ್ಲಿ ವೈರಸ್ ಬಂದಿದೆ ಅಂತ ನೋಟಿಫಿಕೇಶನ್ ಶುರು. ‘ಅಣ್ಣಾ, ಏನೇನೋ ಬರಾಕತ್ತೈತಿ ನೋಡ್ರಿ’ ಅಂತ ಕರೆಯುವ ಹೊತ್ತಿಗೆ ಹಿಂದೆ ಕ್ಯೂ ನಿಂತಿರುತ್ತದೆ.

ಇದಕ್ಕೆ ನಾನು ಹೋಲಿಸಿದ್ದು ಮೂರನ್ನು: ಆಡ್‌ಬ್ಲಾಕ್ ಪ್ಲಸ್, ಯುಬ್ಲಾಕ್ ಒರಿಜಿನ್, ಯುಬ್ಲಾಕ್ ಒರಿಜಿನ್ ಲೈಟ್. ಆಡ್‌ಬ್ಲಾಕ್ ಪ್ಲಸ್ ಹೆಸರು ಎಲ್ಲರಿಗೂ ಗೊತ್ತು, ಹಾಕುವುದೂ ಸುಲಭ. ಆದರೆ 2011ರಿಂದ ಅದರಲ್ಲಿ ‘ಒಪ್ಪಬಹುದಾದ ಜಾಹೀರಾತು’ ಅಂತ ಒಂದು ವ್ಯವಸ್ಥೆ ಇದೆ. ಅವರ ನಿಯಮಕ್ಕೆ ಸರಿಹೊಂದುವ ಜಾಹೀರಾತನ್ನು ಅದು ಬಿಟ್ಟುಕೊಡುತ್ತದೆ, ಅದಕ್ಕೆ ದೊಡ್ಡ ಕಂಪನಿಗಳು ದುಡ್ಡನ್ನೂ ಕೊಡುತ್ತವೆ. ಮುಚ್ಚುಮರೆ ಏನಿಲ್ಲ, ಸೆಟ್ಟಿಂಗ್‌ನಲ್ಲಿ ಟಿಕ್ ತೆಗೆದರೆ ಅವೂ ನಿಲ್ಲುತ್ತವೆ. ಆದರೂ ಜಾಹೀರಾತು ಬೇಡ ಅಂತ ಹಾಕಿಕೊಂಡವನು ಮತ್ತೆ ಒಳಗೆ ಹೋಗಿ ಟಿಕ್ ತೆಗೆಯಬೇಕು ಅನ್ನುವುದು ನನಗೆ ಸರಿಬರಲಿಲ್ಲ.

ಯುಬ್ಲಾಕ್ ಒರಿಜಿನ್‌ನಲ್ಲಿ ಈ ಗೋಜಿಲ್ಲ. ರೇಮಂಡ್ ಹಿಲ್ ಅನ್ನುವವರು ಬರೆದದ್ದು, ಪುಕ್ಕಟೆ, ಸೋರ್ಸ್ ಕೋಡ್ ಯಾರು ಬೇಕಾದರೂ ನೋಡಬಹುದು. ಹಳೇ ಕಂಪ್ಯೂಟರಿನಲ್ಲಿ ಅದನ್ನು ಹಾಕಿದ ಮೇಲೆ ಆ ಹಸಿರು ಬಟನ್‌ಗಳೇ ಮಾಯ, ಉಳಿದದ್ದು ಸಣ್ಣಕ್ಷರದ ಲಿಂಕ್ ಮಾತ್ರ. ಪುಟವೂ ಬೇಗ ತೆರೆಯುತ್ತದೆ, ಯಾಕೆಂದರೆ ಜಾಹೀರಾತನ್ನು ತರಿಸಿ ಮರೆಮಾಡುವುದಲ್ಲ, ಬರುವ ಮೊದಲೇ ತಡೆಯುತ್ತದೆ. ಇಷ್ಟಾದರೂ ತಪ್ಪಿಸಿಕೊಂಡು ಏನಾದರೂ ಬಂದರೆ ಅದರಲ್ಲಿರುವ ಮಿಂಚಿನ ಗುರುತು ಒತ್ತಿ, ಬೇಡವಾದ ಡಬ್ಬಿಯ ಮೇಲೆ ಕ್ಲಿಕ್ ಮಾಡಿದರೆ ಮುಗಿಯಿತು.

ತೊಂದರೆ ಏನಂದರೆ ಕ್ರೋಮ್‌ನಲ್ಲಿ ಇದು ಈಗ ನಡೆಯುವುದಿಲ್ಲ. ಗೂಗಲ್ ಎಕ್ಸ್‌ಟೆನ್ಶನ್‌ಗಳ ನಿಯಮ ಬದಲಿಸಿ ಮ್ಯಾನಿಫೆಸ್ಟ್ ವಿ3 ತಂದಿತು, 2025ರಲ್ಲಿ ಹಳೇ ನಮೂನೆಯವನ್ನು ಪೂರ್ತಿ ಬಂದ್ ಮಾಡಿತು. ಅಲ್ಲಿಗೆ ಸಿಗುವುದು ಲೈಟ್ ಮಾತ್ರ. ನಮ್ಮೂರ ಅಕ್ಕಿ ಮಿಲ್ ಗೇಟಿನಲ್ಲಿ ಮಾಲೀಕ ತಾನೇ ನಿಂತು ಒಂದೊಂದೇ ಲಾರಿ ನೋಡಿ ಒಳಗೆ ಬಿಡುವುದಕ್ಕೂ, ವಾಚ್‌ಮನ್ ಕೈಗೆ ಒಂದು ಪಟ್ಟಿ ಕೊಟ್ಟು ಮನೆಗೆ ಹೋಗುವುದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟೇ ಇವೆರಡಕ್ಕೂ. ಲೈಟ್ ತನ್ನ ನಿಯಮದ ಪಟ್ಟಿಯನ್ನು ಮೊದಲೇ ಬ್ರೌಸರ್‌ಗೆ ಕೊಟ್ಟುಬಿಡುತ್ತದೆ, ತಡೆಯುವ ಕೆಲಸ ಬ್ರೌಸರಿನದ್ದು. ಹಾಗಾಗಿ ಮೆಮೊರಿ ಕಡಿಮೆ ತಿನ್ನುತ್ತದೆ, ದಿನದ ಬಳಕೆಗೆ ಏನೂ ಕಡಿಮೆ ಅನಿಸುವುದಿಲ್ಲ. ಹಟ ಹಿಡಿದ ಸೈಟ್‌ಗಳಲ್ಲಿ ಮಾತ್ರ ದೊಡ್ಡಣ್ಣನಷ್ಟು ಕೈಸಾಗುವುದಿಲ್ಲ. ನನ್ನ ಓಟು ಫೈರ್‌ಫಾಕ್ಸ್ ಜೊತೆ ಒರಿಜಿನ್‌ಗೆ. ಕ್ರೋಮ್ ಬಿಡಲು ಆಗದವರು ಲೈಟ್ ಹಾಕಿಕೊಳ್ಳಿ, ಸುಮ್ನೆ ಇರುವುದಕ್ಕಿಂತ ಎಷ್ಟೋ ಮೇಲು. ಹುಡುಕುವಾಗ ‘ಒರಿಜಿನ್’ ಅನ್ನುವ ಪದ ಇದೆಯಾ ನೋಡಿಕೊಳ್ಳಿ, ಬರೀ ‘ಯುಬ್ಲಾಕ್’ ಅನ್ನುವುದು ಬೇರೆಯವರದ್ದು.

ಒಂದು ಮಾತು. ಫೀಸು ಕಟ್ಟುವ ಪುಟದಲ್ಲಿ ರಸೀದಿ ಬರದೆ ನಿಂತರೆ ಗಾಬರಿಯಾಗಿ ಮತ್ತೆ ಕಟ್ಟಬೇಡಿ. ಬಹಳ ಸಲ ಅದು ಬ್ರೌಸರ್ ತಾನೇ ಪಾಪ್‌ಅಪ್ ತಡೆದಿರುವುದು, ವಿಳಾಸದ ಪಟ್ಟಿಯ ಬಲಗಡೆಯೋ ಕೆಳಗಡೆಯೋ ಸೂಚನೆ ಬಂದಿರುತ್ತದೆ. ನಾನಂತೂ ದುಡ್ಡು ಕಟ್ಟುವ ಸೈಟ್‌ಗಳಲ್ಲಿ ಯುಬ್ಲಾಕಿನ ದೊಡ್ಡ ಪವರ್ ಬಟನ್ ಒತ್ತಿ ಮೊದಲೇ ಆಫ್ ಮಾಡಿಟ್ಟಿದ್ದೇನೆ. ಆ ಸೈಟ್‌ಗೆ ಮಾತ್ರ ಆಫ್ ಆಗುತ್ತದೆ, ಮಿಕ್ಕೆಲ್ಲಾ ಕಡೆ ಹಾಗೇ ಇರುತ್ತದೆ.

ಕನ್ನಡ ಟೈಪಿಂಗ್‌ಗೆ ಗೂಗಲ್ ಇನ್‌ಪುಟ್ ಟೂಲ್ಸ್ ಎಕ್ಸ್‌ಟೆನ್ಶನ್ ಇದೆ, ಅರ್ಜಿ ತುಂಬಲು ಅಡ್ಡಿಯಿಲ್ಲ. ಆದರೆ ಬ್ರೌಸರ್ ಬಿಟ್ಟು ವರ್ಡ್‌ಗೆ ಹೋದರೆ ಅದರ ಆಟ ನಡೆಯುವುದಿಲ್ಲ. ವಿಂಡೋಸ್ 10ರಲ್ಲಿ 2019ರಿಂದ ಕನ್ನಡ ಫೋನೆಟಿಕ್ ಕೀಬೋರ್ಡ್ ಒಳಗೇ ಬಂದಿದೆ, ಎಲ್ಲ ಕಡೆ ನಡೆಯುತ್ತದೆ. ನುಡಿ ಕೀಲಿಮಣೆ ಕಲಿತವರು ನುಡಿಯಲ್ಲೇ ಯೂನಿಕೋಡ್ ಆರಿಸಿಕೊಂಡರೆ ಸಾಕು. ಹಾಗಾಗಿ ನಾನು ಆ ಎಕ್ಸ್‌ಟೆನ್ಶನ್ ತೆಗೆದುಹಾಕಿದೆ.

ಇಡೀ ಪುಟದ ಸ್ಕ್ರೀನ್‌ಶಾಟ್ ನಮಗೆ ಬೇಕೇಬೇಕು, ಪ್ರಿಂಟ್ ಕೊಟ್ಟರೆ ಚೆಲ್ಲಾಪಿಲ್ಲಿಯಾಗುವ ಅರ್ಜಿಗಳಿಗೆ ಅದೇ ಗತಿ. ಕ್ರೋಮ್‌ಗೆ ಗೋಫುಲ್‌ಪೇಜ್ ಚೆನ್ನಾಗಿದೆ. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್ ಶಿಫ್ಟ್ ಎಸ್ ಒತ್ತಿದರೆ ಏನೂ ಹಾಕದೆಯೇ ಅದೇ ಕೆಲಸ ಆಗುತ್ತದೆ. ಪುಟದ ಬಿಳಿ ಹಿನ್ನೆಲೆಯನ್ನು ಕಪ್ಪು ಮಾಡುವ ಡಾರ್ಕ್ ರೀಡರ್ ರಾತ್ರಿ ಕಣ್ಣಿಗೆ ಹಿತ, ನನ್ನ ಹಳೇ ಕಂಪ್ಯೂಟರ್‌ಗೆ ಮಾತ್ರ ಭಾರವಾಯಿತು. ಮನೆಯ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿದ್ದೇನೆ.

ಟ್ಯಾಬ್ ಮಲಗಿಸಿ ಮೆಮೊರಿ ಉಳಿಸುವ ಎಕ್ಸ್‌ಟೆನ್ಶನ್ ಮಾತ್ರ ಹಾಕಲೇಬೇಡಿ. ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದಿತ್ತು, ಜನ ಕಣ್ಣುಮುಚ್ಚಿ ನಂಬಿದ್ದರು. ಅದರ ಮಾಲೀಕತ್ವ ಬೇರೆಯವರ ಕೈಗೆ ಹೋಯಿತು, 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಅಂತ ತೆಗೆದುಹಾಕಿತು. ಈಗ ಕ್ರೋಮ್‌ನಲ್ಲೇ ಮೆಮೊರಿ ಸೇವರ್ ಇದೆಯಲ್ವಾ, ಇನ್ನೇನು ಬೇಕು? ‘ಎಲ್ಲ ವೆಬ್‌ಸೈಟ್‌ಗಳ ಡೇಟಾ ಓದಬಹುದು, ಬದಲಿಸಬಹುದು’ ಅಂತ ಅನುಮತಿ ಕೇಳುವುದನ್ನು ಹಾಕುವ ಮುನ್ನ ಯಾರದ್ದು ಅಂತ ನೋಡಿ. ಜಾಹೀರಾತು ತಡೆಯುವುದಕ್ಕೆ ಆ ಅನುಮತಿ ಕೇಳಲು ಕಾರಣವಿದೆ, ಹವಾಮಾನ ತೋರಿಸುವುದಕ್ಕೆ ಏನಿದೆ?

ಪಾಸ್‌ವರ್ಡ್‌ಗೆ ಸ್ವಂತ ಕಂಪ್ಯೂಟರ್‌ನಲ್ಲಿ ಬಿಟ್‌ವಾರ್ಡನ್ ಚೆನ್ನ, ಪುಕ್ಕಟೆಯಲ್ಲೇ ಎಷ್ಟು ಸಾಧನದಲ್ಲಾದರೂ ನಡೆಯುತ್ತದೆ. ನಾಲ್ಕು ಜನ ಕೂರುವ ಅಂಗಡಿ ಕಂಪ್ಯೂಟರ್‌ನಲ್ಲಿ ಅದೂ ಬೇಡ, ಬ್ರೌಸರಿನ ಸೇವ್ ಕೂಡ ಬೇಡ. ಗಿರಾಕಿಗಳಿಗೆ ಪ್ರೈವೇಟ್ ವಿಂಡೋ ತೆಗೆದುಕೊಡಿ. ಆದರೆ ಅದರೊಳಗೆ ಎಕ್ಸ್‌ಟೆನ್ಶನ್ ತಾನಾಗೇ ನಡೆಯುವುದಿಲ್ಲ, ಬ್ರೌಸರಿನ ಎಕ್ಸ್‌ಟೆನ್ಶನ್ ಪಟ್ಟಿಗೆ ಹೋಗಿ ಯುಬ್ಲಾಕಿಗೆ ಪ್ರೈವೇಟ್ ವಿಂಡೋದಲ್ಲೂ ನಡೆಯಲು ಅನುಮತಿ ಕೊಡಬೇಕು. ಕ್ರೋಮ್‌ನ ಇನ್‌ಕಾಗ್ನಿಟೋಗೂ ಹೀಗೇ.

ಫೋನಿನಲ್ಲೂ ಬೇಕು ಅಂತ ಕೇಳುವವರಿಗೆ: ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ, ಫೈರ್‌ಫಾಕ್ಸ್‌ನಲ್ಲಿ ಬರುತ್ತದೆ, ಒರಿಜಿನ್ ಕೂಡ ಸಿಗುತ್ತದೆ.