ಕಳವಳಕ್ಕೊಂದು ಉಚಿತ ಕೈಪಿಡಿ: ಎಲ್ಲಿ ಗಟ್ಟಿ, ಎಲ್ಲಿ ಸಾಲದು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ‘ಡೂಯಿಂಗ್ ವಾಟ್ ಮ್ಯಾಟರ್ಸ್ ಇನ್ ಟೈಮ್ಸ್ ಆಫ್ ಸ್ಟ್ರೆಸ್’ ಒತ್ತಡ, ಕಳವಳಗಳನ್ನು ನಿಭಾಯಿಸಲು ಕಲಿಸುವ ಒಂದು ಚಿತ್ರ ಕೈಪಿಡಿ. ಪಿಡಿಎಫ್ ಉಚಿತ, ಅಭ್ಯಾಸಗಳ ಆಡಿಯೊ ಕೂಡ ಉಚಿತ. ಪುಟಗಳು ನೂರು ದಾಟಿದರೂ ತುಂಬ ಚಿತ್ರಗಳೇ, ಪುಟಕ್ಕೆ ಬರಹ ನಾಲ್ಕಾರು ಸಾಲು. ಒಂದು ಸಂಜೆಗೆ ಓದಿ ಮುಗಿಯುತ್ತದೆ, ಹಾಗೆ ಓದಿ ಮುಗಿಸಿದರೆ ಕೈಗೆ ಏನೂ ಹತ್ತುವುದಿಲ್ಲ. ಇದರಲ್ಲಿ ಐದು ಕೌಶಲಗಳಿವೆ. ವಾರಕ್ಕೆ ಒಂದನ್ನೇ ಹಿಡಿದು ದಿನಕ್ಕೆ ಐದು-ಹತ್ತು ನಿಮಿಷ ಮಾಡುವುದು ಸರಿಯಾದ ಅಳತೆ.

ಇದರ ಬೇರು ‘ಅಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ’ಯಲ್ಲಿದೆ, ಅಂದರೆ ನೋವಿನ ಯೋಚನೆ-ಭಾವನೆಗಳನ್ನು ಒಪ್ಪಿಕೊಂಡೇ ತನಗೆ ಮುಖ್ಯವಾದುದರತ್ತ ಹೆಜ್ಜೆ ಇಡುವುದನ್ನು ಕಲಿಸುವ ಮನೋಚಿಕಿತ್ಸೆಯಲ್ಲಿ. ಇದೇ ಕೌಶಲಗಳ ಗುಂಪು ತರಬೇತಿಯನ್ನು ಉಗಾಂಡದಲ್ಲಿ ದಕ್ಷಿಣ ಸುಡಾನಿನ 694 ನಿರಾಶ್ರಿತ ಮಹಿಳೆಯರ ನಡುವೆ ಪರೀಕ್ಷಿಸಿದ್ದರು. ಎರಡೆರಡು ಗಂಟೆಯ ಐದು ಕೂಟ, ಮೊದಲೇ ಧ್ವನಿಮುದ್ರಿಸಿದ ಪಾಠ. ನಡೆಸಿಕೊಟ್ಟವರು ಮನೋವೈದ್ಯರಲ್ಲ, ಕೆಲವೇ ದಿನದ ತರಬೇತಿ ಪಡೆದ ಸಾಮಾನ್ಯರು. ಮೂರು ತಿಂಗಳ ನಂತರ ನೋಡಿದಾಗ ತರಬೇತಿ ಪಡೆದವರ ಮನೋಯಾತನೆ, ಆ ತರಬೇತಿ ಪಡೆಯದ ಇನ್ನೊಂದು ಗುಂಪಿನವರಿಗಿಂತ ಕಡಿಮೆ ಇತ್ತು. ಊರು ಮನೆ ಕಳೆದುಕೊಂಡವರಿಗೆ ‘ಪಾಸಿಟಿವ್ ಆಗಿ ಯೋಚಿಸಿ’ ಎಂದು ಹೇಳಲಾಗದು. ಅದಕ್ಕೇ ಇರಬೇಕು, ಈ ಪುಸ್ತಕದಲ್ಲಿ ಆ ಹುಸಿ ಸಮಾಧಾನ ಇಲ್ಲ. ಇದರ ದೊಡ್ಡ ಗುಣ ಇದೇ.

ಮೊದಲ ಕೌಶಲ, ನೆಲ ಹಿಡಿದು ನಿಲ್ಲುವುದು. ಮನಸ್ಸಿನಲ್ಲಿ ಏನು ನಡೆದಿದೆ ಎಂದು ಗಮನಿಸಿ. ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ಒಳಗೆ ಬರುವುದನ್ನು ನಿಧಾನಕ್ಕೆ ಅದರ ಪಾಡಿಗೆ ಬಿಡಿ. ಪಾದಗಳನ್ನು ನೆಲಕ್ಕೆ ಒತ್ತಿ, ಕೈ ಚಾಚಿ ಅಥವಾ ಅಂಗೈಗಳನ್ನು ಒಂದಕ್ಕೊಂದು ಒತ್ತಿ. ಆಮೇಲೆ ಸುತ್ತ ಕಾಣುವುದು, ಕೇಳುವುದು, ಮೂಗಿಗೆ ಬರುವುದು, ಕೈಗೆ ತಾಗುವುದು ಏನೇನು ಎಂದು ನೋಡಿ, ಮಾಡುತ್ತಿದ್ದ ಕೆಲಸಕ್ಕೆ ಮರಳಿ. ಹೆಚ್ಚಿನವರು ಎಡವುವುದು ಉಸಿರಿನಲ್ಲಿ. ‘ದೀರ್ಘ ಉಸಿರು’ ಎಂದ ಕೂಡಲೇ ಎದೆ ತುಂಬ ಗಾಳಿ ಎಳೆಯತೊಡಗುತ್ತಾರೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ದಿಗಿಲು ಇನ್ನೂ ಏರುತ್ತದೆ. ಹೊರಗೆ ಬಿಡುವುದು ಉದ್ದ, ಒಳಗೆಳೆಯುವುದು ಹಗುರ ಇರಲಿ. ಎದೆ ಡವಗುಟ್ಟುವುದನ್ನೇ ಗಮನಿಸಿದಷ್ಟೂ ಗಾಬರಿಯಾಗುವವರು ಕಣ್ಣು ತೆರೆದುಕೊಂಡು, ಹೊರಗಿನ ಸದ್ದು, ಗೋಡೆಯ ಬಣ್ಣ, ಕುರ್ಚಿಯ ಗಟ್ಟಿತನದಿಂದ ಶುರುಮಾಡುವುದು ಮೇಲು.

ಎರಡನೆಯದು ಪುಸ್ತಕದ ಜೀವಾಳ. ಯೋಚನೆ ಗಾಳದಂತೆ ಸಿಕ್ಕಿಸಿಕೊಂಡು ಎಳೆದುಕೊಂಡು ಹೋಗುತ್ತದೆ, ಬಿಡಿಸಿಕೊಳ್ಳುವ ದಾರಿ ಮೂರು ಹೆಜ್ಜೆ: ಗಮನಿಸು, ಹೆಸರಿಡು, ಕೈಯಲ್ಲಿರುವ ಕೆಲಸಕ್ಕೆ ಗಮನ ತಿರುಗಿಸು. ಇದನ್ನು ಕನ್ನಡದಲ್ಲಿ ಮಾಡುವುದು ಸಲೀಸು. ‘ನನ್ನಿಂದಾಗಲ್ಲ’ ಎನ್ನುವ ಬದಲು ‘ನನ್ನಿಂದಾಗಲ್ಲ ಅಂತ ಒಂದು ಯೋಚನೆ ಬಂದಿದೆ’ ಎಂದುಕೊಳ್ಳಿ. ಆ ‘ಅಂತ’ ಎಂಬ ಪುಟ್ಟ ಪದವೇ ಯೋಚನೆಗೂ ನಿಮಗೂ ನಡುವೆ ಒಂದು ಗೇಣು ಜಾಗ ಮಾಡಿಕೊಡುತ್ತದೆ. ಯೋಚನೆ ಸುಳ್ಳು ಎಂದು ಸಾಧಿಸುವ ಅಗತ್ಯವಿಲ್ಲ, ಅದರ ಜೊತೆ ವಾದಕ್ಕಿಳಿದರೆ ಮತ್ತೆ ಗಾಳಕ್ಕೆ ಸಿಕ್ಕಂತೆಯೇ.

ತನ್ನ ಮೇಲೆ ಕರುಣೆ, ನೋವಿಗೆ ಜಾಗ ಕೊಡುವುದು ಎಂಬ ನಾಲ್ಕು ಮತ್ತು ಐದನೆಯ ಭಾಗಗಳು ಮೃದುವಾಗಿವೆ. ಬೇಡದ ಭಾವನೆಯನ್ನು ತೋಳು ಚಾಚಿ ದೂರ ತಳ್ಳಿ ಹಿಡಿದ ಪುಸ್ತಕಕ್ಕೆ ಹೋಲಿಸುವ ಅಭ್ಯಾಸವನ್ನು ಮಾತ್ರ ಬಿಡಬೇಡಿ. ಕೈ ಸೋಲುತ್ತದೆ, ಬೇರೆ ಕೆಲಸಕ್ಕೆ ಕೈ ಉಳಿಯುವುದೂ ಇಲ್ಲ. ಅದನ್ನೇ ತೊಡೆಯ ಮೇಲಿಟ್ಟುಕೊಂಡರೆ ಭಾರ ಇರುತ್ತದೆ, ಕೈ ಬಿಡುವಾಗುತ್ತದೆ.

ಕೊರತೆ ಕಾಣುವುದು ಮೂರನೆಯ ಭಾಗದಲ್ಲಿ. ನಿಮಗೆ ಮುಖ್ಯವಾದ ಮೌಲ್ಯ ಯಾವುದು, ಅದಕ್ಕೆ ಈ ವಾರ ಇಡುವ ಸಣ್ಣ ಹೆಜ್ಜೆ ಯಾವುದು ಎಂದು ಅದು ಕೇಳುತ್ತದೆ. ಒಳ್ಳೆಯ ಪ್ರಶ್ನೆ. ಆದರೆ ಅಂಜಿಕೆಯಿಂದ ವರ್ಷಗಟ್ಟಲೆ ತಪ್ಪಿಸಿಕೊಂಡು ಬಂದವರಿಗೆ ಆ ಹೆಜ್ಜೆಗಳನ್ನು ಜೋಡಿಸುವ ವಿಧಾನವೂ ಬೇಕು, ಏಕೆಂದರೆ ಆತ್ಮವಿಶ್ವಾಸ ಮೊದಲು ಬಂದು ಕೆಲಸ ಆಮೇಲೆ ಆಗುವುದಲ್ಲ. ಇಲ್ಲಿ ಸಿಬಿಟಿಯ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮನೋಚಿಕಿತ್ಸೆಯ, ‘ಭಯದ ಏಣಿ’ಯನ್ನು ಸೇರಿಸಿಕೊಳ್ಳಿ. ಎಂಟು-ಹತ್ತು ಸನ್ನಿವೇಶ ಬರೆದು ಪ್ರತಿಯೊಂದಕ್ಕೂ 0ರಿಂದ 100ರವರೆಗೆ ಭಯದ ಅಂಕ ಕೊಡಿ. ಅಂಗಡಿಯಲ್ಲಿ ಬೆಲೆ ಕೇಳಿ ಏನೂ ಕೊಳ್ಳದೆ ಬರುವುದು 25, ವಾಟ್ಸ್ಆ್ಯಪ್ ಬದಲು ಫೋನ್ ಮಾಡುವುದು 40, ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳುವುದು 55, ಸಭೆಯಲ್ಲಿ ಸ್ವಾಗತ ಭಾಷಣ 90, ಹೀಗೆ. ಮೂವತ್ತರ ಆಸುಪಾಸಿನಿಂದ ಶುರು. ಹೋಗುವ ಮುಂಚೆ ‘ಏನಾಗಿಬಿಡುತ್ತದೆ’ ಎಂಬ ಊಹೆ ಬರೆದಿಡಿ, ಬಂದ ಮೇಲೆ ನಿಜಕ್ಕೂ ಆದದ್ದನ್ನು ಪಕ್ಕದಲ್ಲಿ ಬರೆಯಿರಿ. ಒಂದೇ ಮೆಟ್ಟಿಲನ್ನು ಬೇರೆ ಬೇರೆ ದಿನ, ಬೇರೆ ಬೇರೆ ಜಾಗದಲ್ಲಿ ಮೂರು ನಾಲ್ಕು ಸಲ ಹತ್ತಿ. ಭಯ ಏರಿದ ತಕ್ಷಣ ಓಡಿಬಂದರೆ ಮೆದುಳು ಕಲಿಯುವುದು ಒಂದೇ ಪಾಠ: ಓಡಿದ್ದರಿಂದ ಬಚಾವಾದೆ. ಯಾರನ್ನಾದರೂ ಜೊತೆಗೆ ಕರೆದೊಯ್ಯುವುದು, ಫೋನ್ ನೋಡುತ್ತ ಕೂರುವುದು ಇಂಥ ಊರುಗೋಲುಗಳನ್ನೂ ಒಂದೊಂದಾಗಿ ಬಿಡಬೇಕು.

ಉಸಿರಿನ ಅಭ್ಯಾಸವೂ ಊರುಗೋಲಾಗಬಲ್ಲದು. ‘ಇದನ್ನು ಮಾಡಿದರೆ ಭಯ ಹೋಗುತ್ತದೆ’ ಎಂದು ಮಾಡಿದವರು ಭಯ ಹೋಗದಿದ್ದಾಗ ಇನ್ನಷ್ಟು ಹೆದರುತ್ತಾರೆ. ಕೈಪಿಡಿ ಆ ಭರವಸೆ ಕೊಟ್ಟೇ ಇಲ್ಲ, ಬಿರುಗಾಳಿ ಇರುವಾಗಲೇ ನೆಲ ಹಿಡಿ ಎನ್ನುತ್ತದೆ. ಅದಕ್ಕೂ ಶಾಂತವಾಗಿರುವ ಹೊತ್ತಿನಲ್ಲೇ ರೂಢಿ ಆಗಿರಬೇಕು. ಸಂದರ್ಶನದ ಬಾಗಿಲಲ್ಲಿ ಮೊದಲ ಸಲ ಮಾಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಚಹಾ ಕುಡಿಯುವಾಗ, ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಮಾಡಿದ್ದೇ ಮುಂದೆ ಕೈ ಹಿಡಿಯುವುದು.

ಪ್ರಯೋಜನವಾಯಿತೇ ಎಂದು ತಿಳಿಯಲು ಕಳವಳವನ್ನು ಅಳೆಯುವ ಜಿಎಡಿ-7 ಪ್ರಶ್ನಾವಳಿ ಬಳಸಿ. ಕಳೆದ ಎರಡು ವಾರದ ಬಗ್ಗೆ ಏಳು ಪ್ರಶ್ನೆ, ಒಟ್ಟು 21 ಅಂಕ. ಶುರುವಿಗೊಮ್ಮೆ, ಐದು ವಾರದ ನಂತರ ಒಮ್ಮೆ. ಹತ್ತು ಅಥವಾ ಹೆಚ್ಚು ಬಂದು ಇಳಿಯದಿದ್ದರೆ ಪುಸ್ತಕ ಬದಿಗಿಟ್ಟು ತಜ್ಞರನ್ನು ಕಾಣಿ. ಎದೆಬಡಿತ, ಕೈನಡುಕದ ಜೊತೆ ತೂಕವೂ ಇಳಿಯುತ್ತಿದ್ದರೆ ಮೊದಲು ಥೈರಾಯ್ಡ್ ಪರೀಕ್ಷೆ ಆಗಲಿ. ಸಾಯುವ ಯೋಚನೆ ಬರುತ್ತಿದ್ದರೆ ಯಾವ ಅಭ್ಯಾಸಕ್ಕೂ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಇನ್ನೊಂದು ಅನುಕೂಲ ಇದರ ಪರವಾನಗಿ. ಲಾಭಕ್ಕಲ್ಲದೆ, ಮೂಲವನ್ನು ಹೆಸರಿಸಿ, ಇದು ಸಂಸ್ಥೆ ಮಾಡಿದ ಅನುವಾದವಲ್ಲ ಎಂಬ ಸೂಚನೆಯೊಂದಿಗೆ, ಅದೇ ಪರವಾನಗಿಯಡಿ ಯಾರು ಬೇಕಾದರೂ ಅನುವಾದಿಸಿ ಹಂಚಬಹುದು. ಓದು ಬಾರದ ಹಿರಿಯರಿಗಾಗಿ ಅಭ್ಯಾಸದ ಸಾಲುಗಳನ್ನು ಮನೆಮಾತಿನಲ್ಲೇ ಫೋನಿನಲ್ಲಿ ಧ್ವನಿಮುದ್ರಿಸುವುದಾದರೆ ಪ್ರತಿ ಸೂಚನೆಯ ನಂತರ ಎರಡು ಉಸಿರಿನಷ್ಟು ಸುಮ್ಮನಿರಿ. ಕೇಳುವವರು ಮಾಡುವುದು ಆ ಬಿಡುವಿನಲ್ಲೇ.