ಮಂಡ್ಯದಲ್ಲಿ ಲ್ಯಾಪ್‌ಟಾಪ್ ಸರ್ವಿಸ್: 1,400 ರೂಪಾಯಿಗೆ ಏನು ಸಿಕ್ಕಿತು?

ಲ್ಯಾಪ್‌ಟಾಪ್ ಬಿಸಿಯಾಗುತ್ತೆ ಅಂತ ಅದರ ಕೆಳಗಿಡುವ ಫ್ಯಾನಿನ ಕೂಲಿಂಗ್ ಪ್ಯಾಡ್ ಹುಡುಕುತ್ತಿದ್ದೀರಾ? ಆ ದುಡ್ಡನ್ನು ಸದ್ಯಕ್ಕೆ ಜೇಬಲ್ಲೇ ಇಟ್ಟುಕೊಳ್ಳಿ. ನನ್ನ ಹತ್ತಿರ ಪ್ಯಾಡೂ ಇದೆ, ಅಂಗಡಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಸಿ ಕ್ಲೀನ್ ಮಾಡಿಸಿದ್ದೂ ಆಯಿತು. ಎರಡಕ್ಕೂ ಅಜಗಜಾಂತರ.

ನಾನು ಮಂಡ್ಯದಲ್ಲಿ ಮನೆಯಿಂದಲೇ ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್, ಪೂರ್ತಿ 4ಕೆ ಫೂಟೇಜ್. ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಐ7-12700ಎಚ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಇದೆ. ಲ್ಯಾಪ್‌ಟಾಪ್ ಕಂಪನಿಯ ಹೆಸರು ಬೇಡ ಬಿಡಿ. ಮನೆ ಮುಂದಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ಓಡಾಟ. ಬೆಳಗ್ಗೆ ಒರೆಸಿದ ಟೇಬಲ್ ಮೇಲೆ ಸಂಜೆಗೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಧೂಳು.

ಬೇಸಿಗೆ ಶುರುವಾದ ಮೇಲೆ ತೊಂದರೆ ಎದ್ದು ಕಂಡಿತು. ಎಡಿಟ್ ಆದ ವಿಡಿಯೊವನ್ನು ಫೈಲ್ ಮಾಡಿ ಹೊರತೆಗೆಯೋಕೆ ಎಕ್ಸ್‌ಪೋರ್ಟ್ ಹಾಕಿದರೆ ಮೊದಲ ಕೆಲವು ನಿಮಿಷ ಚೆನ್ನಾಗಿ ಓಡುತ್ತಿತ್ತು, ಆಮೇಲೆ ಸ್ಪೀಡ್ ಅರ್ಧಕ್ಕೆ ಇಳಿಯುತ್ತಿತ್ತು. ಫ್ಯಾನ್ ಸದ್ದಿಗೆ ಪಕ್ಕದ ರೂಮಿನಿಂದ ಅತ್ತೆ "ಏನವ್ವ, ಮಿಕ್ಸಿ ಹಾಕಿದ್ದೀಯಾ?" ಅಂತ ಕೇಳುತ್ತಿದ್ದರು. ಟೆಂಪರೇಚರ್ ತೋರಿಸುವ ಎಚ್‌ಡಬ್ಲ್ಯೂಇನ್ಫೊ ಸಾಫ್ಟ್‌ವೇರ್ ಹಾಕಿ ನೋಡಿದರೆ ಪ್ರೊಸೆಸರ್ 98, 99, 100 ಡಿಗ್ರಿ. ಈ ಪ್ರೊಸೆಸರ್‌ಗೆ 100 ಡಿಗ್ರಿಯೇ ಮೇಲಿನ ಗೆರೆ. ಅಲ್ಲಿ ಮುಟ್ಟಿದರೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಸುಟ್ಟು ಹೋಗುತ್ತೆ ಅನ್ನೋ ಭಯ ಬೇಡ. ಆದರೆ ಐ7ಗೆ ಕೊಟ್ಟ ದುಡ್ಡು ದಂಡ, ಅಷ್ಟೇ.

ಅಂಗಡಿ ವಿ.ವಿ. ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಮೆಟ್ಟಿಲು ಕಿರಿದು. ಒಳಗೆ ಒಬ್ಬ ಹುಡುಗ, ಒಂದು ಮೇಜು, ಒಂದು ಬ್ಲೋವರ್. ನನಗೆ ಹಿಡಿಸಿದ್ದು ಏನೆಂದರೆ, ಅವನು ತಕ್ಷಣ ಸ್ಕ್ರೂಡ್ರೈವರ್ ಎತ್ತಿಕೊಳ್ಳಲಿಲ್ಲ. ಮೊದಲು ಪ್ರೊಸೆಸರ್, ಗ್ರಾಫಿಕ್ಸ್ ಎರಡಕ್ಕೂ ಲೋಡ್ ಕೊಟ್ಟು ಹತ್ತು ನಿಮಿಷ ಓಡಿಸಿದ. ಟೆಂಪರೇಚರ್ ಬಂದ ಸ್ಕ್ರೀನ್‌ನ ಫೋಟೊವನ್ನು ನನ್ನ ಫೋನ್‌ನಲ್ಲೇ ತೆಗೆಯೋಕೆ ಹೇಳಿದ. "ಆಮೇಲೆ ಕಮ್ಮಿ ಆಗಿಲ್ಲ ಅಂದ್ರೆ ನೀವೇ ಕೇಳ್ಬೋದಕ್ಕ" ಅಂದ. ಮೊದಲು ಎಷ್ಟಿತ್ತು ಅಂತ ತೋರಿಸದೆ ಬಿಚ್ಚುವವರ ಹತ್ತಿರ ಹೋಗಲೇಬೇಡಿ.

ತಳದ ಮುಚ್ಚಳ ತೆಗೆದಾಗ ಫ್ಯಾನ್ ನೋಡೋಕೆ ಪರವಾಗಿಲ್ಲ ಅನ್ನಿಸಿತು. ಅವನು ಫ್ಯಾನನ್ನೇ ಎತ್ತಿ ಪಕ್ಕಕ್ಕಿಟ್ಟ. ಫ್ಯಾನಿಗೂ ಗಾಳಿ ಹೊರಗೆ ಹೋಗುವ ತಾಮ್ರದ ಜಾಲರಿಗೂ ನಡುವೆ ಬೂದು ಬಣ್ಣದ ಧೂಳು, ಕಂಬಳಿ ತುಂಡಿನ ಹಾಗೆ ಅಂಟಿಕೊಂಡಿತ್ತು. ಟ್ವೀಜರ್‌ನಲ್ಲಿ ಹಿಡಿದು ಎಳೆದರೆ ಒಂದೇ ಪಟ್ಟಿಯಾಗಿ ಬಂತು. "ಗಾಳಿ ಹೋಗೋಕ್ಕೆ ದಾರಿನೇ ಇಲ್ವಲ್ಲಕ್ಕ, ಬಿಸಿ ಆಗ್ದೆ ಇನ್ನೇನಾಯ್ತದೆ?" ಅಂದ. ಹೊರಗಿನಿಂದ ಬ್ಲೋವರ್ ಹಿಡಿದರೆ ಈ ಪಟ್ಟಿ ಅಲುಗೋದೂ ಇಲ್ಲ. ಹಾಗಾಗಿ ನೂರಿನ್ನೂರು ರೂಪಾಯಿಗೆ ಸುಮ್ನೆ ಗಾಳಿ ಹೊಡೆದು ಕೊಡುವ ಸರ್ವಿಸ್‌ನಿಂದ ಪ್ರಯೋಜನ ಕಡಿಮೆ.

ಚಿಪ್‌ನ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕ್ ಎತ್ತಿದಾಗ, ಎರಡರ ನಡುವೆ ಬಿಸಿ ದಾಟಿಸೋಕೆ ಹಚ್ಚುವ ಥರ್ಮಲ್ ಪೇಸ್ಟ್ ಅಂಚಿಗೆ ಸರಿದು ಒಣಗಿತ್ತು. ಚಿಪ್‌ನ ನಡುವೆ ಹೆಚ್ಚುಕಡಿಮೆ ಬರಿದು. ಲ್ಯಾಪ್‌ಟಾಪ್ ಚಿಪ್‌ಗಳ ಮೇಲೆ ಡೆಸ್ಕ್‌ಟಾಪ್‌ನ ಹಾಗೆ ಲೋಹದ ಮುಚ್ಚಳ ಇರುವುದಿಲ್ಲ. ಬಿಸಿಯಾಗಿ ತಣ್ಣಗಾಗಿ, ಬಿಸಿಯಾಗಿ ತಣ್ಣಗಾಗಿ, ಪೇಸ್ಟ್ ನಿಧಾನಕ್ಕೆ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ಅದಕ್ಕೆ ಪೇಸ್ಟ್ ಬದಲು ಹನಿವೆಲ್‌ನ ಪಿಟಿಎಂ7950 ಹಾಳೆ ಹಾಕೋಣ ಅಂದ. ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಹರಡಿಕೊಳ್ಳುತ್ತೆ, ಪೇಸ್ಟ್ ಥರ ಬೇಗ ಜಾರಿ ಹೋಗಲ್ಲ. ಸರ್ವಿಸ್‌ಗೆ 800, ಹಾಳೆಗೆ 600. ಈ ಹಾಳೆಯ ನಕಲಿ ಜಾಸ್ತಿ. ಕವರ್ ನೋಡಿ ಅಸಲಿ ಅಂತ ನಾನಂತೂ ಹೇಳಲಾರೆ. ತಿಂಗಳುಗಳು ಕಳೆದ ಮೇಲೂ ಟೆಂಪರೇಚರ್ ಏರದಿದ್ದರೆ ಅದೇ ಸರ್ಟಿಫಿಕೇಟ್. ಪೇಸ್ಟ್ ಜಾಗಕ್ಕೆ ಲಿಕ್ವಿಡ್ ಮೆಟಲ್, ಅಂದರೆ ದ್ರವ ಲೋಹ ಹಾಕ್ತೀರಾ ಅಂತ ಕೇಳಿದ್ದಕ್ಕೆ ಖಡಾಖಂಡಿತವಾಗಿ ಬೇಡ ಅಂದ. ಅದು ಕರೆಂಟ್ ಹರಿಯುವ ವಸ್ತು, ಬೋರ್ಡ್ ಮೇಲೆ ಒಂದು ಹನಿ ಬಿದ್ದರೂ ಕಥೆ ಮುಗೀತು. ಅಲ್ಯೂಮಿನಿಯಂ ತಾಗಿದರೆ ಅದನ್ನೂ ತಿಂದು ಹಾಕುತ್ತದೆ. ಜಾಸ್ತಿ ದುಡ್ಡಿನ ಕೆಲಸವನ್ನು ಬೇಡ ಅನ್ನುವ ಮೆಕ್ಯಾನಿಕ್ ಅಪರೂಪ, ಅಲ್ವಾ?

ಈಗ ಲೆಕ್ಕ. ಅದೇ ಟೆಸ್ಟ್‌ನಲ್ಲಿ ಪ್ರೊಸೆಸರ್ 100ರಿಂದ 86ಕ್ಕೆ, ಗ್ರಾಫಿಕ್ಸ್ 85ರಿಂದ 74ಕ್ಕೆ ಇಳಿಯಿತು. ಮನೆಗೆ ಬಂದು ಕೆಲವು ದಿನ ಬಳಸಿದ ಮೇಲೆ ಇನ್ನೊಂದೆರಡು ಡಿಗ್ರಿ ಕಡಿಮೆಯಾಯಿತು. ಆ ಹಾಳೆ ಕೂತುಕೊಳ್ಳೋಕೆ ಸ್ವಲ್ಪ ಸಮಯ ಬೇಕು. ಎಕ್ಸ್‌ಪೋರ್ಟ್ ಈಗ ಕೊನೆವರೆಗೂ ಒಂದೇ ವೇಗದಲ್ಲಿ ಹೋಗುತ್ತದೆ.

ಬೈಯಬೇಕಾದ್ದೂ ಇದೆ. ಸಂಜೆಗೆ ಕೊಡ್ತೀನಿ ಅಂದವನು ಕೊಟ್ಟಿದ್ದು ಮಾರನೇ ದಿನ ಮಧ್ಯಾಹ್ನ. ಫೋನ್ ಎತ್ತಲ್ಲ. ತಳದ ರಬ್ಬರ್ ಪಟ್ಟಿಯನ್ನು ಅರೆಬರೆ ಅಂಟಿಸಿದ್ದ, ಒಂದು ಮೂಲೆ ಎದ್ದು ಬಂದಿದೆ. ಒಂದು ಸ್ಕ್ರೂ ಬೇರೆ ಬಣ್ಣದ್ದು. ಕೇಳಿದರೆ "ಫಿಟ್ ಆಯ್ತಲ್ಲ ಬಿಡಕ್ಕ" ಅಂತ ನಗುತ್ತಾನೆ. ಬಿಲ್ ಅಂದರೆ ಒಂದು ಚೀಟಿ.

ಸಾಫ್ಟ್‌ವೇರ್ ಕಡೆಗೆ ಅವನು ಕೈ ಹಾಕಲ್ಲ, ಅದು ನಮ್ಮದೇ ಕೆಲಸ. 12700ಎಚ್‌ನ ಮೂಲ ಲೆಕ್ಕ 45 ವ್ಯಾಟ್, ಬೂಸ್ಟ್‌ನಲ್ಲಿ, ಅಂದರೆ ವೇಗ ಏರಿಸಿಕೊಂಡಾಗ, 115ರವರೆಗೂ ಎಳೆಯುತ್ತದೆ. ವಿಂಡೋಸ್ ಪವರ್ ಆಪ್ಷನ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99 ಮಾಡಿದರೆ ಬೂಸ್ಟ್ ನಿಲ್ಲುತ್ತದೆ. ಬರೀ ಕಟ್ಟಿಂಗ್ ಮಾಡುವಾಗ ನಾನು ಹಾಗೇ ಇಡುತ್ತೇನೆ, ಫ್ಯಾನ್ ಸದ್ದೇ ಇರಲ್ಲ. ಎಕ್ಸ್‌ಪೋರ್ಟ್‌ಗೆ ಮತ್ತೆ 100. ಬಿಸಿ ಕಡಿಮೆಯಾಗಲಿ ಅಂತ ಪ್ರೊಸೆಸರ್‌ನ ವೋಲ್ಟೇಜ್ ಇಳಿಸೋಣ ಅಂದರೆ ನನ್ನ ಲ್ಯಾಪ್‌ಟಾಪ್‌ನ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಮೂಲ ಸೆಟ್ಟಿಂಗ್) ಬೀಗ. 2019ರಲ್ಲಿ, ವೋಲ್ಟೇಜ್ ಇಳಿಸಿಯೇ ಪ್ರೊಸೆಸರ್‌ನ ಗುಟ್ಟು ಕದಿಯಬಹುದಾದ ಪ್ಲಂಡರ್‌ವೋಲ್ಟ್ ಅನ್ನೋ ಭದ್ರತಾ ಲೋಪ ಬಯಲಾದ ಮೇಲೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಹೀಗೇ ಮಾಡಿದ್ದಾರೆ. ಗ್ರಾಫಿಕ್ಸ್‌ಗೆ ಆ ಕಾಟ ಇಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ವೇಗ-ವೋಲ್ಟೇಜ್ ಕರ್ವ್ ಹಿಡಿದು ವೋಲ್ಟೇಜ್ ಇಳಿಸಿದೆ, ಇನ್ನೂ ಐದಾರು ಡಿಗ್ರಿ ಕಡಿಮೆ. ಎರಡೂ ಚಿಪ್‌ಗೆ ಬಿಸಿ ಹೊತ್ತೊಯ್ಯೋಕೆ ಒಂದೇ ತಾಮ್ರದ ಕೊಳವೆಗಳು ಇರುವುದರಿಂದ ಗ್ರಾಫಿಕ್ಸ್ ತಣ್ಣಗಾದರೆ ಪ್ರೊಸೆಸರ್‌ಗೂ ಉಸಿರು ಬರುತ್ತದೆ.

ಕೂಲಿಂಗ್ ಪ್ಯಾಡ್? ಮೂರು ನಾಲ್ಕು ಡಿಗ್ರಿ. ಹಿಂದಿನ ಅಂಚಿಗೆ ಎರಡು ದಪ್ಪ ಪುಸ್ತಕ ಕೊಟ್ಟು ಎತ್ತರಿಸಿದರೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತೆ, ಅದಕ್ಕೆ ದುಡ್ಡಿಲ್ಲ.

ಈ ಅಂಗಡಿಗೆ ಇರಲಿ, ಇನ್ಯಾವುದಕ್ಕೇ ಇರಲಿ, ಹೋಗುವಾಗ ಚಾರ್ಜರ್ ತೆಗೆದುಕೊಂಡು ಹೋಗಿ. ಬ್ಯಾಟರಿ ಮೇಲೆ ಓಡುವಾಗ ಲ್ಯಾಪ್‌ಟಾಪ್ ಪೂರ್ತಿ ಪವರ್ ಎಳೆಯುವುದಿಲ್ಲ. ಆಗ ತೋರಿಸುವ ಟೆಂಪರೇಚರ್ ನಂಬಿ ದುಡ್ಡು ಕೊಡಬೇಡಿ.